ಅಮೆರಿಕದ ಸಂಗಾತಿ ವೀಸಾಕ್ಕೆ ದಾಖಲೆ ಸಿದ್ಧಪಡಿಸುವ ಜಯನಗರದ ಕಚೇರಿ: ಹಣ ಕೊಡಬೇಕಾದದ್ದು ಯಾವುದಕ್ಕೆ?

ಅಮೆರಿಕದ ಪೌರರನ್ನು ಮದುವೆಯಾದವರಿಗೆ ಸಂಗಾತಿಯ ವಲಸೆ ವೀಸಾಕ್ಕೆ ಬೇಕಾಗುವ ದಾಖಲೆಗಳನ್ನು ಸಿದ್ಧಪಡಿಸಿಕೊಡುವ ಕಚೇರಿಗಳು ಬೆಂಗಳೂರಿನಲ್ಲಿ ಹಲವಾರಿವೆ. ಅವುಗಳಲ್ಲಿ ಜಯನಗರದ ಒಂದು ಸಣ್ಣ ಕಚೇರಿಯ ಸೇವೆಯನ್ನು ನಮ್ಮ ಮಗಳ ಸಲುವಾಗಿ ಮೊದಲಿನಿಂದ ಕೊನೆಯವರೆಗೂ ಪಡೆದುಕೊಂಡ ಅನುಭವದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಕಚೇರಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇಲ್ಲಿ ಹೊಗಳಿಕೆಯೂ ಇದೆ, ದೂರೂ ಇದೆ. ಹೊಗಳಿಕೆಯ ಬಹುಪಾಲು ಅಲ್ಲಿನ ಒಬ್ಬ ಹಿರಿಯ ಗುಮಾಸ್ತೆಗೆ ಸಲ್ಲುತ್ತದೆ, ಅವರು ನಾಳೆ ಬೇರೆಡೆಗೆ ಹೋದರೆ ನನ್ನ ಮಾತು ಬರಿಯ ನಾಮಫಲಕದ ಹೊಗಳಿಕೆಯಾಗಿ ಉಳಿಯುತ್ತದೆ. ತೀರ್ಮಾನವನ್ನು ಮೊದಲೇ ಹೇಳುವುದಾದರೆ, ಬೇರೆ ಬೇರೆ ದಾಖಲೆಗಳಲ್ಲಿ ಬೇರೆ ಬೇರೆಯಾಗಿ ನಿಂತಿರುವ ಹೆಸರುಗಳನ್ನು ಒಂದೇ ವ್ಯಕ್ತಿಯವೆಂದು ಹೊಂದಿಸಿ ತೋರಿಸುವ ಕೆಲಸವನ್ನು ಈ ಕಚೇರಿ ಬಹಳ ಚೆನ್ನಾಗಿ ಮಾಡುತ್ತದೆ. ಅದರ ಜೊತೆಗೆ ಕಟ್ಟಿ ಮಾರುವ ನೋಟರಿ, ಅಪೊಸ್ಟಿಲ್ (ದಾಖಲೆಯನ್ನು ಬೇರೆ ದೇಶದಲ್ಲಿ ಒಪ್ಪುವಂತೆ ಸರ್ಕಾರ ಹಾಕುವ ದೃಢೀಕರಣ), ಆಲ್ಬಮ್ ಮತ್ತು ಸಂದರ್ಶನದ ತರಬೇತಿಗೆ ಹಣ ಕೊಡಬೇಕಾದ ಅಗತ್ಯವಿಲ್ಲ.

ಈ ಕೆಲಸದ ಹಾದಿಯನ್ನು ಮೊದಲು ಹೇಳಬೇಕು, ಏಕೆಂದರೆ ಅರ್ಜಿಯನ್ನು ನೇರವಾಗಿ ದೂತಾವಾಸಕ್ಕೆ ಕೊಡುವುದೆಂದು ನಾವೂ ತಿಳಿದಿದ್ದೆವು. ಅರ್ಜಿ ಹಾಕುವವರು ಇಲ್ಲಿರುವ ಹೆಂಡತಿಯಲ್ಲ, ಅಲ್ಲಿರುವ ಗಂಡ. ಅವರು ಐ-130 ಎಂಬ ನಮೂನೆಯನ್ನು, ಹೆಂಡತಿಯ ವಿವರಗಳಿರುವ ಐ-130ಎ ಜೊತೆಗೆ, ಅಮೆರಿಕದ ಗೃಹಭದ್ರತಾ ಇಲಾಖೆಯ ಅಧೀನದಲ್ಲಿ ಪೌರತ್ವ ಮತ್ತು ವಲಸೆ ಸೇವೆಗಳನ್ನು ನೋಡಿಕೊಳ್ಳುವ ಯುಎಸ್‌ಸಿಐಎಸ್ ಸಂಸ್ಥೆಗೆ ಸಲ್ಲಿಸುತ್ತಾರೆ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ದರದಂತೆ ಇದರ ಶುಲ್ಕ ಆನ್‌ಲೈನ್‌ನಲ್ಲಿ 625 ಡಾಲರ್, ಕಾಗದದಲ್ಲಿ 675 ಡಾಲರ್. ಅದಕ್ಕೆ ಒಪ್ಪಿಗೆ ದೊರೆತ ಮೇಲೆ ಕಡತವು ವಿದೇಶಾಂಗ ಇಲಾಖೆಯ ನ್ಯಾಷನಲ್ ವೀಸಾ ಸೆಂಟರ್‌ಗೆ ಹೋಗುತ್ತದೆ. ಅಲ್ಲಿ 325 ಡಾಲರ್ ವೀಸಾ ಶುಲ್ಕವನ್ನೂ ಹೆಂಡತಿಯನ್ನು ಪೋಷಿಸುವೆನೆಂದು ಗಂಡ ಬರೆದುಕೊಡುವ ಮುಚ್ಚಳಿಕೆಗಾಗಿ 120 ಡಾಲರನ್ನೂ ಕಟ್ಟಿ, ಡಿಎಸ್-260 ಎಂಬ ವಲಸೆ ವೀಸಾದ ಅರ್ಜಿಯನ್ನು ತುಂಬಿ, ಜನನ, ಮದುವೆ ಮತ್ತು ಪೊಲೀಸ್ ದಾಖಲೆಗಳನ್ನು ಅವರ ಜಾಲತಾಣಕ್ಕೆ ಏರಿಸಬೇಕು. ಅವರು ಎಲ್ಲವೂ ಸರಿಯಿದೆ ಎಂದ ಬಳಿಕವೇ ಸಂದರ್ಶನದ ಸರದಿ ಬರುವುದು. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತಾದರೂ ಆಗ ಅಲ್ಲಿ ವೀಸಾ ಸೇವೆ ಆರಂಭವಾಗಿರಲಿಲ್ಲ. ನಮ್ಮ ಮಗಳ ಸಂದರ್ಶನ ನಡೆದದ್ದು ಮುಂಬೈಯ ಬಾಂದ್ರಾ ಕುರ್ಲಾ ಸಂಕೀರ್ಣದಲ್ಲಿರುವ ಕಾನ್ಸುಲೇಟ್‌ನಲ್ಲಿ. ಹೀಗಾಗಿ ಮೊದಲ ನಮೂನೆಯಲ್ಲಿ ನುಸುಳಿದ ಒಂದು ಅಕ್ಷರದ ವ್ಯತ್ಯಾಸ ಎರಡು ಇಲಾಖೆಗಳನ್ನು ದಾಟಿ, ಕೊನೆಗೆ ಮೂಲ ದಾಖಲೆಗಳನ್ನು ಕೈಯಲ್ಲಿ ಹಿಡಿದ ಅಧಿಕಾರಿಯ ಮುಂದೆಯೇ ಎದ್ದು ಕಾಣುವ ಸಂಭವವಿರುತ್ತದೆ.

ಕಚೇರಿಯ ದರ ಮೂರು ಕಂತುಗಳಲ್ಲಿದ್ದು, ಒಟ್ಟು ಮೊತ್ತ ಐ-130 ಶುಲ್ಕಕ್ಕಿಂತ ಕಡಿಮೆಯಿತ್ತು. ರಸೀದಿ ಕೊಡುತ್ತಾರೆ. ಸರ್ಕಾರಿ ಶುಲ್ಕವನ್ನು ತಾವು ಮುಟ್ಟುವುದಿಲ್ಲ, ಅಳಿಯನೇ ತನ್ನ ಖಾತೆಯಿಂದ ಕಟ್ಟಬೇಕು ಎಂದು ಮೊದಲ ಭೇಟಿಯಲ್ಲಿಯೇ ಹೇಳಿದರು. ಇದು ಒಳ್ಳೆಯ ಲಕ್ಷಣ. ವೀಸಾ ಖಚಿತ ಎಂಬ ಮಾತನ್ನು ಯಾರೂ ಆಡಲಿಲ್ಲ, ಇದು ಇನ್ನೂ ಒಳ್ಳೆಯ ಲಕ್ಷಣ. ಆದರೆ ಐ-130 ನಮೂನೆಯ ಕೊನೆಯ ಭಾಗದಲ್ಲಿ, ಅರ್ಜಿಯನ್ನು ಬೇರೆಯವರು ಸಿದ್ಧಪಡಿಸಿದ್ದರೆ ಅವರ ಹೆಸರು, ವಿಳಾಸ ಮತ್ತು ಸಹಿಗೆ ಪ್ರತ್ಯೇಕ ಜಾಗವಿದೆ. ಈ ಕಚೇರಿ ಅದನ್ನು ಖಾಲಿ ಬಿಡಲು ನೋಡಿತು. ನಾವು ಕೇಳಿದ ಮೇಲೆ ಸಹಿ ಹಾಕಿದರು. ಹಣ ಪಡೆದು ನಮೂನೆ ತುಂಬಿದವರು ಆ ಜಾಗದಲ್ಲಿ ಸಹಿ ಮಾಡಲು ಹಿಂಜರಿದರೆ ಅಲ್ಲಿಂದ ಎದ್ದು ಬರುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಇಂಥ ಕಚೇರಿಗಳು ಅಮೆರಿಕದ ವಕೀಲರಲ್ಲ, ಕಾನೂನಿನ ಸಲಹೆ ಕೊಡುವ ಅಧಿಕಾರವೂ ಇವರಿಗಿಲ್ಲ ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಹಿಂದೆ ವೀಸಾ ತಿರಸ್ಕೃತವಾಗಿದ್ದರೆ, ವಿಚ್ಛೇದನದ ಪ್ರಕರಣವಿದ್ದರೆ ಅಥವಾ ಅಮೆರಿಕದಲ್ಲಿ ಅವಧಿ ಮೀರಿ ಉಳಿದ ಇತಿಹಾಸವಿದ್ದರೆ ವಕೀಲರ ಬಳಿಗೇ ಹೋಗಬೇಕು.

ಇನ್ನು ಹೆಸರುಗಳ ವಿಷಯ. ಕರ್ನಾಟಕದಲ್ಲಿ ಹುಟ್ಟಿದವರ ಕಡತದಲ್ಲಿ ನಿಜವಾದ ಕೆಲಸವಿರುವುದು ಇಲ್ಲಿಯೇ. ನಮ್ಮಲ್ಲಿ ಹೆಸರಿನ ಮುಂದೆಯೋ ಹಿಂದೆಯೋ ಬರುವ ಇನಿಷಿಯಲ್ ಕೆಲವೊಮ್ಮೆ ಊರಿನದು, ಕೆಲವೊಮ್ಮೆ ತಂದೆಯದು, ಕೆಲವೊಮ್ಮೆ ಎರಡೂ. ಜನನ ಪ್ರಮಾಣಪತ್ರದಲ್ಲಿ ಮಗಳ ಹೆಸರು ಒಂದೇ ಪದವಾಗಿತ್ತು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅದರ ಜೊತೆ ಎರಡು ಇನಿಷಿಯಲ್ ಸೇರಿಕೊಂಡಿದ್ದವು. ಪದವಿ ಪ್ರಮಾಣಪತ್ರದಲ್ಲಿ ಒಂದು ಉದುರಿಹೋಗಿತ್ತು. ಹಳೆಯ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಅಂಕಣವೇ ಖಾಲಿಯಿತ್ತು. ನನ್ನ ಹೆಸರು ಒಂದು ಕಡೆ ಇನಿಷಿಯಲ್ ಸಹಿತ, ಇನ್ನೊಂದು ಕಡೆ ಊರಿನ ಹೆಸರು ಪೂರ್ತಿಯಾಗಿ ಬಿಡಿಸಿ ಬರೆದಂತೆ. ನನ್ನ ಹೆಂಡತಿಯಂತೂ ಜನನ ಪ್ರಮಾಣಪತ್ರದಲ್ಲಿ ಸರೋಜ, ಮಗಳ ಪಾಸ್‌ಪೋರ್ಟಿನಲ್ಲಿ ಸರೋಜಮ್ಮ. ಊರಿನಲ್ಲಿ ಇದರಿಂದ ಯಾರಿಗೂ ಎಂದೂ ತೊಂದರೆಯಾಗಿರಲಿಲ್ಲ.

ಆ ಹಿರಿಯ ಗುಮಾಸ್ತೆ ಮಾಡಿದ ಮೊದಲ ಕೆಲಸವೆಂದರೆ, ಯಾವ ನಮೂನೆಯನ್ನೂ ತೆರೆಯದೆ ಒಂದು ದೊಡ್ಡ ಹಾಳೆಯಲ್ಲಿ ಪಟ್ಟಿ ಹಾಕಿದ್ದು. ಎಡಕ್ಕೆ ದಾಖಲೆಯ ಹೆಸರು, ಬಲಕ್ಕೆ ಅದರಲ್ಲಿ ಮಗಳ ಹೆಸರು, ತಂದೆಯ ಹೆಸರು, ತಾಯಿಯ ಹೆಸರು, ಹುಟ್ಟಿದ ದಿನಾಂಕ, ಹುಟ್ಟಿದ ಊರು, ಪ್ರತಿಯೊಂದೂ ಅಲ್ಲಿರುವ ಇಂಗ್ಲಿಷ್ ಕಾಗುಣಿತದಲ್ಲಿಯೇ. ಪಟ್ಟಿ ಮುಗಿದ ಮೇಲೆ ಅವರು ವ್ಯತ್ಯಾಸಗಳನ್ನು ಮೂರು ಬಗೆಯಾಗಿ ಬೇರ್ಪಡಿಸಿದರು: ತಿದ್ದಿಸಲೇಬೇಕಾದವು, ಅಫಿಡವಿಟ್ ಮೂಲಕ ವಿವರಿಸಿದರೆ ಸಾಕಾದವು, ಏನೂ ಮಾಡದೆ ನಮೂನೆಯ ‘ಬಳಸಿದ ಇತರ ಹೆಸರುಗಳು’ ಎಂಬ ಅಂಕಣದಲ್ಲಿ ಪ್ರಾಮಾಣಿಕವಾಗಿ ಬರೆದರೆ ಮುಗಿಯುವಂಥವು. ಮೂರನೆಯ ಗುಂಪು ಇಷ್ಟು ದೊಡ್ಡದಿರಬಹುದೆಂದು ನಾನು ಎಣಿಸಿರಲಿಲ್ಲ. ಬೇರೊಂದು ಕಚೇರಿಯಲ್ಲಿ ವಿಚಾರಿಸಿದಾಗ ಎಲ್ಲವನ್ನೂ ತಿದ್ದಿಸಬೇಕೆಂದು, ಪದವಿ ಪ್ರಮಾಣಪತ್ರವನ್ನೂ ಸೇರಿಸಿ, ದೊಡ್ಡ ಮೊತ್ತವನ್ನೇ ಹೇಳಿದ್ದರು. ಈ ವೀಸಾಕ್ಕೆ ಸಲ್ಲಿಸಬೇಕಾದ ನಾಗರಿಕ ದಾಖಲೆಗಳಲ್ಲಿ ಪದವಿ ಪ್ರಮಾಣಪತ್ರ ಬರುವುದೇ ಇಲ್ಲ.

ತಿದ್ದಿಸಲೇಬೇಕಾದ ಗುಂಪಿನಲ್ಲಿ ಉಳಿದದ್ದು ಎರಡೇ. ಒಂದು, ಪಾಸ್‌ಪೋರ್ಟಿನ ಖಾಲಿ ಸರ್‌ನೇಮ್. ಅದು ಹಾಗೆಯೇ ಇದ್ದರೆ ಅಮೆರಿಕದ ವೀಸಾದಲ್ಲಿ ಇರುವ ಒಂದು ಹೆಸರು ಸರ್‌ನೇಮ್ ಜಾಗಕ್ಕೆ ಜಾರಿ, ವ್ಯಕ್ತಿಯ ಹೆಸರಿರಬೇಕಾದ ಕಡೆ ‘ಎಫ್‌ಎನ್‌ಯು’ (ಮೊದಲ ಹೆಸರು ತಿಳಿಯದು) ಎಂಬ ಮೂರಕ್ಷರ ಬೀಳುತ್ತದೆ. ಮುಂದೆ ಅಲ್ಲಿನ ದಾಖಲೆಗಳಿಗೂ ಅದು ಅಂಟಿಕೊಂಡು ಹೋಗಬಹುದು. ಆದ್ದರಿಂದ ಅರ್ಜಿ ಹಾಕುವ ಮೊದಲೇ ತಂದೆಯ ಹೆಸರನ್ನು ಸರ್‌ನೇಮ್ ಆಗಿ ಸೇರಿಸಿ ಪಾಸ್‌ಪೋರ್ಟ್ ಮರುವಿತರಣೆ ಮಾಡಿಸಿಕೊಂಡೆವು. ಮದುವೆಯಾಯಿತಲ್ಲ, ಗಂಡನ ಮನೆತನದ ಹೆಸರನ್ನೇ ಹಾಕಿಸಿಬಿಡೋಣ ಎಂದು ಬೀಗರು ಹೇಳಿದಾಗ ಗುಮಾಸ್ತೆ ನಯವಾಗಿಯೇ ಬೇಡವೆಂದರು: ವೀಸಾಕ್ಕೆ ಅದರ ಅಗತ್ಯವಿಲ್ಲ, ಹೊಸ ಹೆಸರು ಬಂದರೆ ಪಟ್ಟಿಗೆ ಇನ್ನೊಂದು ಸಾಲು ಸೇರುತ್ತದೆ, ಬೇಕಿದ್ದರೆ ಅಲ್ಲಿಗೆ ಹೋದ ಮೇಲೆ ಬದಲಿಸಿಕೊಳ್ಳಬಹುದು. ಬೀಗರಿಗೆ ಇದನ್ನು ನಾನು ಹೇಳಿದ್ದರೆ ಬೇಸರವಾಗುತ್ತಿತ್ತು. ಕಚೇರಿಯವರು ಹೇಳಿದ್ದರಿಂದ ಒಪ್ಪಿಕೊಂಡರು. ಎರಡನೆಯದು ಜನನ ಪ್ರಮಾಣಪತ್ರದಲ್ಲಿದ್ದ ತಾಯಿಯ ಹೆಸರು. 1969ರ ಜನನ ಮತ್ತು ಮರಣ ನೋಂದಣಿ ಕಾಯ್ದೆಯ 15ನೆಯ ಕಲಮಿನಂತೆ ನೋಂದಣಾಧಿಕಾರಿಯಿಂದ ಅದನ್ನು ಸರಿಪಡಿಸಿಕೊಳ್ಳಲು ಅವಕಾಶವಿದೆ. ಯಾವ ಆಧಾರಗಳನ್ನು ಒಯ್ಯಬೇಕು, ಮನವಿಯಲ್ಲಿ ಏನು ಬರೆಯಬೇಕು ಎಂಬುದನ್ನು ಕಚೇರಿ ಸಿದ್ಧಮಾಡಿ ಕೊಟ್ಟಿತು. ಓಡಾಟ ನಮ್ಮದೇ ಆಗಿತ್ತು. ಮಧ್ಯವರ್ತಿಯ ಮೂಲಕ ಮಾಡಿಸಿಕೊಡುವ ಆಮಿಷ ಒಡ್ಡಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು.

ಹಳಬರಿಗೆ ಜನನ ನೋಂದಣಿಯೇ ಇರುವುದಿಲ್ಲ. ಅಂಥವರು ನೋಂದಣಾಧಿಕಾರಿಯಿಂದ ದಾಖಲೆ ಲಭ್ಯವಿಲ್ಲವೆಂಬ 10ನೆಯ ನಮೂನೆಯ ಪ್ರಮಾಣಪತ್ರವನ್ನು ಪಡೆದು, ಅದರೊಂದಿಗೆ ಶಾಲಾ ದಾಖಲೆ ಮತ್ತು ಜನನದ ಬಗ್ಗೆ ಖುದ್ದಾಗಿ ತಿಳಿದ ಹಿರಿಯರ ಅಫಿಡವಿಟ್ ಇಡಬೇಕಾಗುತ್ತದೆ. ನಮಗೆ ಅದರ ಅಗತ್ಯ ಬೀಳಲಿಲ್ಲ.

ಮದುವೆಯ ಪ್ರಮಾಣಪತ್ರದ ಬಗ್ಗೆ ಕಚೇರಿ ಸ್ಪಷ್ಟವಾಗಿತ್ತು. ಕಲ್ಯಾಣ ಮಂಟಪದ ರಸೀದಿಯೂ ದೇವಸ್ಥಾನದವರು ಕೊಡುವ ಪತ್ರವೂ ಮದುವೆ ನಡೆದದ್ದಕ್ಕೆ ಪೂರಕ ಸಾಕ್ಷ್ಯಗಳಷ್ಟೆ. ಬೇಕಾದದ್ದು ಉಪ ನೋಂದಣಾಧಿಕಾರಿ ಕೊಟ್ಟ ನೋಂದಣಿ ಪತ್ರ. ಹಿಂದೂ ವಿವಾಹ ಕಾಯ್ದೆಯಡಿ ಶಾಸ್ತ್ರೋಕ್ತವಾಗಿ ನಡೆದ ಮದುವೆಯನ್ನು ಆನಂತರ ನೋಂದಾಯಿಸಬಹುದು. 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವವರಾದರೆ 30 ದಿನಗಳ ನೋಟಿಸಿನ ಅವಧಿಯನ್ನು ಲೆಕ್ಕಕ್ಕೆ ಹಿಡಿಯಬೇಕು. ಅಮೆರಿಕದಿಂದ ಸಣ್ಣ ರಜೆಯ ಮೇಲೆ ಬರುವ ಹುಡುಗರ ವಿಷಯದಲ್ಲಿ ಈ ಲೆಕ್ಕ ತಪ್ಪಿದರೆ ವರ ವಿಮಾನ ಹತ್ತಿ ಹೋಗಿರುತ್ತಾನೆ, ನೋಂದಣಿ ಮುಂದಿನ ರಜೆಗೆ ಉಳಿಯುತ್ತದೆ. ಲಗ್ನಪತ್ರಿಕೆಯಲ್ಲಿ ಅಚ್ಚಾಗುವ ಹೆಸರುಗಳು ಪಾಸ್‌ಪೋರ್ಟಿನಂತೆಯೇ ಇರಲಿ ಎಂಬ ಅವರ ಸಲಹೆ ನಮಗೆ ತಡವಾಗಿ ಸಿಕ್ಕಿತು, ಆದರೆ ಮದುವೆ ನಿಶ್ಚಯವಾಗಿರುವ ಮನೆಗಳಿಗೆ ಇದು ಬೆಲೆಬಾಳುವ ಮಾತು.

ದಾಂಪತ್ಯ ನಿಜವಾದುದೆಂದು ತೋರಿಸುವ ಸಾಕ್ಷ್ಯಗಳ ಭಾಗದಲ್ಲಿ ಕಚೇರಿಯ ಕೆಲಸ ಅರ್ಧ ಒಳ್ಳೆಯದು, ಅರ್ಧ ಕೆಟ್ಟದು. ಐ-130 ಸೂಚನೆಗಳು ಕೇಳುವುದು ಜಂಟಿ ಆಸ್ತಿ, ಒಂದೇ ಮನೆಯ ಬಾಡಿಗೆ ಕರಾರು, ಜಂಟಿ ಹಣಕಾಸು, ಮಕ್ಕಳ ಜನನ ಪತ್ರ ಇಂಥವುಗಳನ್ನು. ಹಿರಿಯರು ನೋಡಿ ಮಾಡಿದ ಮದುವೆಯಲ್ಲಿ, ಮದುವೆಯಾದ ಕೆಲವೇ ವಾರಗಳಲ್ಲಿ ಗಂಡ ಸಮುದ್ರದಾಚೆಗೆ ಹೋದ ಮೇಲೆ, ಇವುಗಳಲ್ಲಿ ಯಾವುದಿರುತ್ತದೆ? ಇರುವುದು ಕಾಲಕ್ರಮ ಮಾತ್ರ. ಮೊದಲು ಎರಡೂ ಮನೆಯವರ ಪತ್ರವ್ಯವಹಾರ, ಆಮೇಲೆ ಹುಡುಗ ಹುಡುಗಿ ವೀಡಿಯೊ ಕರೆಗಳಲ್ಲಿ ಮಾತಾಡಿಕೊಂಡ ದಾಖಲೆ, ನಿಶ್ಚಿತಾರ್ಥ, ಲಗ್ನಪತ್ರಿಕೆ, ಧಾರೆ, ಬೀಗರೂಟ, ವಿಮಾನದ ಟಿಕೆಟ್ಟುಗಳು, ಪಾಸ್‌ಪೋರ್ಟಿನ ಮೊಹರುಗಳು, ಮದುವೆಯ ನಂತರ ಗಂಡ ಕಳಿಸುವ ಹಣ, ವಿಮೆಯಲ್ಲಿ ನಾಮಿನಿಯಾಗಿ ಹೆಂಡತಿಯ ಹೆಸರು, ಮತ್ತೆ ಆತ ರಜೆಗೆ ಬಂದುಹೋದದ್ದು. ಇವನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ, ಪ್ರತಿ ಹಾಳೆಯ ಕೆಳಗೆ ಒಂದೇ ಸಾಲಿನ ವಿವರಣೆ ಬರೆಸಿ, ಮೇಲೊಂದು ಸೂಚಿಪತ್ರ ಇಡಿಸಿದ್ದು ಕಚೇರಿಯ ಹಿರಿಯ ಗುಮಾಸ್ತೆ. ಓದುವ ಅಧಿಕಾರಿಗೆ ನಮ್ಮ ಮದುವೆಯ ಪದ್ಧತಿ ತಿಳಿಯದಿದ್ದರೂ ಆ ಕ್ರಮ ತಾನಾಗಿಯೇ ಕಥೆ ಹೇಳುತ್ತಿತ್ತು.

ಆದರೆ ಅದೇ ಕಚೇರಿಯ ಇನ್ನೊಂದು ಮೇಜಿನಿಂದ ದಪ್ಪ ರಟ್ಟಿನ ಆಲ್ಬಮ್ ಮಾಡಿಸಿಕೊಳ್ಳುವಂತೆ ಒತ್ತಾಯ ಬಂತು. ಅರ್ಜಿಯೇ ಆನ್‌ಲೈನ್‌ನಲ್ಲಿ ಹೋಗುವಾಗ ರಟ್ಟಿನ ಆಲ್ಬಮ್ ಯಾರ ಕೈಗೆ ಸೇರಬೇಕು? ವಧೂವರರು ಒಬ್ಬರನ್ನೊಬ್ಬರು ನೋಡುತ್ತ ನಿಂತ ಸ್ಟುಡಿಯೊ ಚಿತ್ರಗಳಿಗಿಂತ, ಎರಡೂ ಮನೆಯ ಹಿರಿಯರು ಧಾರೆಯ ಹೊತ್ತಿಗೆ ಸುತ್ತುಗಟ್ಟಿ ನಿಂತಿರುವ ಒಂದೆರಡು ಚಿತ್ರಗಳು ಹೆಚ್ಚು ಕೆಲಸ ಮಾಡುತ್ತವೆ. ಅಫಿಡವಿಟ್‌ಗಳಲ್ಲಿ ಇನ್ನೂ ದೊಡ್ಡ ದೋಷ ಕಂಡಿತು. ಪುರೋಹಿತರು, ಮಗಳ ಸೋದರಮಾವ ಮತ್ತು ಅಳಿಯನ ಗೆಳೆಯ, ಈ ಮೂವರ ಹೆಸರಿನಲ್ಲಿಯೂ ಒಂದೇ ಅಚ್ಚಿನ ಮಾತುಗಳು, ಹೆಸರು ಮಾತ್ರ ಬೇರೆ. ಮದುವೆಯನ್ನು ಕಣ್ಣಾರೆ ಕಂಡವರು ತಾವು ಕಂಡದ್ದನ್ನು ತಮ್ಮ ಮಾತಿನಲ್ಲಿ ಹೇಳಬೇಕೆಂಬುದೇ ಅಫಿಡವಿಟ್‌ನ ಉದ್ದೇಶ. ಹೇಳುವವರ ಪೂರ್ಣ ಹೆಸರು, ವಿಳಾಸ, ಹುಟ್ಟಿದ ದಿನಾಂಕ ಮತ್ತು ಊರು, ದಂಪತಿಗೂ ತಮಗೂ ಇರುವ ಸಂಬಂಧ, ವಿಷಯ ತಮಗೆ ತಿಳಿದದ್ದು ಹೇಗೆ ಎಂಬ ವಿವರ ಅದರಲ್ಲಿರಬೇಕು. ಮೂರನ್ನೂ ಹಿಂದಿರುಗಿಸಿ, ಆಯಾ ಜನರಿಂದಲೇ ಕನ್ನಡದಲ್ಲಿ ಬರೆಸಿ, ಅನುವಾದ ಮಾಡಿಸಿದೆವು. ಸೋದರಮಾವ ಹುಡುಗನನ್ನು ನೋಡಲು ಹೋದಾಗ ಆದ ಮಾತುಕತೆಯನ್ನೆಲ್ಲ ಬರೆದಿದ್ದರು, ಅದನ್ನು ಸ್ವಲ್ಪ ಮೊಟಕುಗೊಳಿಸಬೇಕಾಯಿತು.

ಅನುವಾದದ ಕೆಲಸ ತೃಪ್ತಿಕರವಾಗಿತ್ತು. ಯುಎಸ್‌ಸಿಐಎಸ್‌ಗೆ ಇಂಗ್ಲಿಷ್ ಅಲ್ಲದ ಯಾವುದೇ ದಾಖಲೆಯ ಜೊತೆ ಪೂರ್ಣ ಅನುವಾದವಿರಬೇಕು, ಅನುವಾದ ಪೂರ್ಣವೂ ನಿಖರವೂ ಆಗಿದೆಯೆಂದು ಮತ್ತು ತಾನು ಆ ಕೆಲಸಕ್ಕೆ ಸಮರ್ಥನೆಂದು ಅನುವಾದಕರು ಸಹಿ ಮಾಡಿದ ಹೇಳಿಕೆಯೂ ಇರಬೇಕು. ನಮ್ಮ ಜನನ ಪ್ರಮಾಣಪತ್ರದ ಅಚ್ಚಾದ ಶೀರ್ಷಿಕೆಗಳು ಎರಡೂ ಭಾಷೆಗಳಲ್ಲಿದ್ದರೂ ಕೈಯಿಂದ ತುಂಬಿದ ವಿವರಗಳು ಕನ್ನಡದಲ್ಲಿದ್ದುದರಿಂದ ಅದಕ್ಕೂ ಅನುವಾದ ಬೇಕಾಯಿತು. ಮೊಹರಿನೊಳಗಿನ ಅಕ್ಷರಗಳನ್ನೂ ಹಿಂಬದಿಯ ಷರಾವನ್ನೂ ಬಿಡದೆ ಅನುವಾದಿಸಿದ್ದರು. ಒಂದು ವಿಚಿತ್ರವನ್ನು ಮಾತ್ರ ಹೇಳಲೇಬೇಕು: ಐ-130 ನಮೂನೆಯಲ್ಲಿ, ಫಲಾನುಭವಿಯ, ಅಂದರೆ ಇಲ್ಲಿ ಹೆಂಡತಿಯ, ಭಾಷೆಗೆ ರೋಮನ್ ಲಿಪಿ ಇಲ್ಲದಿದ್ದರೆ ಆಕೆಯ ಹೆಸರು ಮತ್ತು ವಿಳಾಸವನ್ನು ಅವಳ ಸ್ವಂತ ಲಿಪಿಯಲ್ಲಿ ಬರೆಯಲು ಜಾಗವಿದೆ. ಬೆಂಗಳೂರಿನ ನಡುವೆ ಕುಳಿತ ಈ ಕಚೇರಿ ಅದನ್ನು ದೇವನಾಗರಿಯಲ್ಲಿ ತುಂಬಿತ್ತು! ಎಲ್ಲರಿಗೂ ಹಾಗೆಯೇ ತುಂಬುತ್ತೇವೆ, ಯಾರೂ ಕೇಳಿಲ್ಲ ಎಂದರು. ಮಗಳು ಕನ್ನಡದಲ್ಲಿ ಬರೆದುಕೊಟ್ಟಳು.

ನೋಟರಿ ಮತ್ತು ಅಪೊಸ್ಟಿಲ್ ವಿಷಯದಲ್ಲಿ ನನ್ನ ದೂರು ಗಟ್ಟಿಯಾದುದು. ಅನುವಾದಕ್ಕೆ ಅನುವಾದಕರ ಸಹಿ ಸಾಕು, ನೋಟರಿ ಬೇಕಿಲ್ಲ. ಐ-130 ಜೊತೆಗೆ ಹೋಗುವುದು ಸಾಮಾನ್ಯ ಪ್ರತಿಗಳು. ಮೂಲ ದಾಖಲೆಗಳನ್ನು ತೋರಿಸಬೇಕಾದದ್ದು ಸಂದರ್ಶನದ ದಿನ. ಅಪೊಸ್ಟಿಲ್ ಕುರಿತ ಹೇಗ್ ಒಪ್ಪಂದಕ್ಕೆ ಭಾರತ ಸೇರಿದ್ದು 2005ರಲ್ಲಿ. ಅಂದಿನಿಂದ ಅಪೊಸ್ಟಿಲ್ ಎಂಬುದು ಅನೇಕ ದೇಶಗಳ ಕೆಲಸಕ್ಕೆ ಅಗತ್ಯವಾಗಿದೆ ಎಂಬುದು ನಿಜ, ಆದರೆ ಈ ವೀಸಾಕ್ಕೆ ಅದನ್ನು ಯಾರೂ ಕೇಳುವುದಿಲ್ಲ. ಆದರೂ ದರಪಟ್ಟಿಯಲ್ಲಿ ಅದು ‘ಶಿಫಾರಸು ಮಾಡಲಾಗಿದೆ’ ಎಂಬ ಮಾತಿನೊಂದಿಗೆ ಸೇರಿಕೊಂಡಿತ್ತು. ಕೇಳಿದರೆ, ಇದ್ದರೆ ಒಳ್ಳೆಯದಲ್ಲವೇ ಸಾರ್, ಎಂಬ ಉತ್ತರ. ಅಪೊಸ್ಟಿಲ್‌ಗಾಗಿ ಮೂಲ ಮದುವೆ ಪತ್ರವನ್ನು ಅವರ ಕೈಗೆ ಒಪ್ಪಿಸಬೇಕಾಗಿತ್ತು. ನಾವು ಒಪ್ಪಲಿಲ್ಲ. ಮೂಲ ಪತ್ರಗಳನ್ನು ಯಾವ ಕಚೇರಿಯಲ್ಲಿಯೂ ಬಿಟ್ಟುಬರಬಾರದು. ಎದುರಿಗೇ ಸ್ಕ್ಯಾನ್ ಮಾಡಿಸಿಕೊಂಡು ವಾಪಸು ತರಬೇಕು.

ಅಳಿಯನ ಕಡೆಯ ದಾಖಲೆಗಳಲ್ಲಿ ಈ ಕಚೇರಿ ದುರ್ಬಲ. ಇಲ್ಲಿ ಎದುರಿಗೆ ಕುಳಿತು ಹಣ ಕೊಡುವವಳು ಮಗಳಾದ್ದರಿಂದ, ಕಾನೂನಿನ ಕಣ್ಣಿನಲ್ಲಿ ಅರ್ಜಿದಾರ ಅಳಿಯನೆಂಬುದನ್ನೇ ಅವರು ಮರೆತಂತಿತ್ತು. ನಾವೇ ಹೇಳಿ ಕಚೇರಿಯವರಿಗೂ ಅಳಿಯನಿಗೂ ಮಾತುಕತೆ ಏರ್ಪಡಿಸಬೇಕಾಯಿತು. ಐ-864 ಎಂಬ ಪೋಷಣೆಯ ಮುಚ್ಚಳಿಕೆಯಲ್ಲಿ, ಸಂಸಾರದ ಗಾತ್ರಕ್ಕೆ ತಕ್ಕಂತೆ ಫೆಡರಲ್ ಬಡತನ ಮಾರ್ಗಸೂಚಿಯ 125 ಪ್ರತಿಶತ ಆದಾಯವಿದೆಯೆಂದು ತೋರಿಸಬೇಕು; 2025ರ ಮಾರ್ಗಸೂಚಿಯಂತೆ ಇಬ್ಬರ ಸಂಸಾರಕ್ಕೆ ಅದು 26,437 ಡಾಲರ್ ಆಗಿತ್ತು. ಆದಾಯ ಸಾಲದಿದ್ದರೆ ಅಲ್ಲಿಯೇ ನೆಲೆಸಿರುವ ಪೌರರೋ ಗ್ರೀನ್ ಕಾರ್ಡ್ ಇರುವವರೋ ಜಂಟಿ ಪ್ರಾಯೋಜಕರಾಗಬಹುದು. ಇದನ್ನೆಲ್ಲ ಕಚೇರಿಗೆ ವಿವರಿಸಿದವನು ಅಳಿಯ. ಅವನ ಆದಾಯ ತೆರಿಗೆಯ ಟ್ರಾನ್ಸ್‌ಕ್ರಿಪ್ಟ್ ಅನ್ನು ಅಲ್ಲಿನ ತೆರಿಗೆ ಇಲಾಖೆಯ ತಾಣದಿಂದ ಅವನೇ ಇಳಿಸಿಕೊಂಡ. ಈ ಕಂತಿನ ಹಣ ದಂಡವಾಯಿತೆಂದೇ ಹೇಳಬೇಕು.

ಡಿಎಸ್-260 ತುಂಬುವಾಗ ಸಂಪರ್ಕದ ಇಮೇಲ್ ಜಾಗದಲ್ಲಿ ಕಚೇರಿ ತನ್ನದೇ ವಿಳಾಸವನ್ನು ಹಾಕಿತ್ತು. ಹಾಗಾದರೆ ನಮ್ಮ ಕಡತದ ಎಲ್ಲ ಸೂಚನೆಗಳೂ ಅವರಿಗೆ ಹೋಗಿ, ಅವರು ನೋಡಿದಾಗ ನಮಗೆ ತಿಳಿಯುತ್ತದೆ. ಬದಲಿಸಿಕೊಟ್ಟರು, ಆದರೆ ಕೇಳುವವರೆಗೆ ಹೇಳಲಿಲ್ಲ. ಆ ಅರ್ಜಿ ಹದಿನಾರನೆಯ ವಯಸ್ಸಿನಿಂದ ವಾಸಿಸಿದ ಎಲ್ಲ ವಿಳಾಸಗಳನ್ನೂ, ಕಳೆದ ಐದು ವರ್ಷಗಳಲ್ಲಿ ಬಳಸಿದ ಸಾಮಾಜಿಕ ಜಾಲತಾಣದ ಖಾತೆಗಳನ್ನೂ ಕೇಳುತ್ತದೆ. ಮಗಳ ಕಾಲೇಜು ಹಾಸ್ಟೆಲ್ಲಿನ ವಿಳಾಸವನ್ನು ಬಿಡಲು ಕಿರಿಯ ಗುಮಾಸ್ತರೊಬ್ಬರು ಸೂಚಿಸಿದರು. ಹಿರಿಯರು ಅದನ್ನು ಕೂಡಲೇ ಸೇರಿಸಿದರು.

ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಪಾಸ್‌ಪೋರ್ಟ್ ಸೇವಾ ಕೇಂದ್ರದ ಮೂಲಕ ನಾವೇ ಪಡೆದೆವು. ಅದಕ್ಕೆ ಯಾರ ನೆರವೂ ಬೇಕಿಲ್ಲ. ಹದಿನಾರು ತುಂಬಿದ ಮೇಲೆ ಬೇರೆ ದೇಶದಲ್ಲಿ ಒಂದು ವರ್ಷ ಅಥವಾ ಹೆಚ್ಚು ಇದ್ದವರು ಅಲ್ಲಿನ ಪ್ರಮಾಣಪತ್ರವನ್ನೂ ತರಬೇಕು ಎಂಬುದನ್ನು ಕೊಲ್ಲಿ ದೇಶಗಳಲ್ಲಿ ದುಡಿದು ಬಂದವರು ಗಮನಿಸಬೇಕು. ವೈದ್ಯಕೀಯ ತಪಾಸಣೆಯನ್ನು ದೂತಾವಾಸ ಗೊತ್ತುಪಡಿಸಿದ ವೈದ್ಯರಲ್ಲಿಯೇ ಮಾಡಿಸಬೇಕು. ಫೋಟೊ ಎರಡು ಇಂಚು ಚೌಕ, ಬಿಳಿ ಹಿನ್ನೆಲೆ, ಕನ್ನಡಕ ಕೂಡದು.

ಸಂದರ್ಶನದ ತರಬೇತಿಯೆಂದು ಕಚೇರಿ ಕೊಡುವುದು ಪ್ರಶ್ನೋತ್ತರಗಳ ಒಂದು ಮುದ್ರಿತ ಪಟ್ಟಿ, ಅದನ್ನು ಬಾಯಿಪಾಠ ಮಾಡಿಸುವ ಒಂದು ಗಂಟೆಯ ಪಾಠ. ಗಂಡನ ಕೆಲಸವೇನು, ಯಾವ ಊರಿನಲ್ಲಿದ್ದಾನೆ, ಮೊದಲು ಭೇಟಿಯಾದದ್ದು ಯಾವಾಗ ಎಂಬುದಕ್ಕೆ ಹೆಂಡತಿಯಾದವಳಿಗೆ ಪಾಠ ಬೇಕೇ? ಬಾಯಿಪಾಠದ ಉತ್ತರ ಕೇಳಿದ ಅಧಿಕಾರಿಗೆ ಇಲ್ಲದ ಅನುಮಾನ ಹುಟ್ಟೀತು. ಮಗಳು ಅದನ್ನು ಬಿಟ್ಟು, ತಾನು ಸಲ್ಲಿಸಿದ ಅರ್ಜಿಯ ಪ್ರತಿಯನ್ನೇ ಓದಿಕೊಂಡು ಹೋದಳು. ವೀಸಾ ದೊರೆಯಿತು.

ಕೊನೆಯಲ್ಲಿ ಹಿರಿಯ ಗುಮಾಸ್ತೆ ಯಾವ ಶುಲ್ಕವನ್ನೂ ಕೇಳದೆ ಒಂದು ಪುಟದ ಟಿಪ್ಪಣಿ ಬರೆದುಕೊಟ್ಟರು. ಪ್ರಯಾಣಕ್ಕೆ ಮುನ್ನ ಯುಎಸ್‌ಸಿಐಎಸ್‌ಗೆ 235 ಡಾಲರ್ ವಲಸೆ ಶುಲ್ಕವನ್ನು ಆನ್‌ಲೈನ್‌ನಲ್ಲಿ ಕಟ್ಟಬೇಕೆಂದು ಅದರಲ್ಲಿತ್ತು. ಅಮೆರಿಕವನ್ನು ಪ್ರವೇಶಿಸುವ ದಿನಕ್ಕೆ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಸಿಗುವುದು ಎರಡು ವರ್ಷಗಳ ಷರತ್ತಿನ ಗ್ರೀನ್ ಕಾರ್ಡ್ ಎಂದೂ, ಅದರ ಅವಧಿ ಮುಗಿಯುವ ಮುಂಚಿನ 90 ದಿನಗಳೊಳಗೆ ಆ ಷರತ್ತನ್ನು ತೆಗೆಸಲು ದಂಪತಿ ಸೇರಿ ಐ-751 ಅರ್ಜಿ ಸಲ್ಲಿಸಬೇಕೆಂದೂ ಬರೆದು, ಆ ದಿನಾಂಕಗಳನ್ನು ಮಗಳ ವಿಷಯಕ್ಕೆ ಲೆಕ್ಕಹಾಕಿ ಕೆಂಪು ಶಾಯಿಯಲ್ಲಿ ಗುರುತು ಮಾಡಿದ್ದರು. ಜಂಟಿ ಖಾತೆ ತೆರೆದ ದಿನದಿಂದ ಅದರ ಕಾಗದಗಳನ್ನು, ಮನೆ ಬಾಡಿಗೆಯ ಕರಾರನ್ನು, ಇಬ್ಬರ ಹೆಸರಿನ ವಿಮೆಯನ್ನು ಒಂದು ಕಡೆ ತೆಗೆದಿಡುತ್ತ ಹೋಗಿ ಎಂಬುದು ಆ ಟಿಪ್ಪಣಿಯ ಕಡೆಯ ಸಾಲು. ಆ ಮೇಜಿನ ಮುಂದೆ ಕೂರಲು ಸಿಕ್ಕುವುದಾದರೆ ಮೊದಲ ಕಂತನ್ನು ಮಾತ್ರ ಕಟ್ಟಿ ಹೆಸರಿನ ಪಟ್ಟಿಯನ್ನು ಮಾಡಿಸಿಕೊಳ್ಳಿ. ಉಳಿದೆರಡು ಕಂತುಗಳ ಬಗ್ಗೆ ಅಮೆರಿಕದಲ್ಲಿರುವ ಅರ್ಜಿದಾರರನ್ನು ಕೇಳಿ ತೀರ್ಮಾನಿಸಬಹುದು.